ಎಪ್ಪತ್ತು ಲೀಟರಿನ ಗಂಡ

ಮೀನಕ್ಕನ ಅಂಗಡಿಯಲ್ಲಿ ತಿನ್ನುವ ಮೀನು ಸಿಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಚೀಲ ಹಿಡಿದು ಬಂದು, ಕಿಲೋಗೆ ಎಷ್ಟು ಎಂದು ಕೇಳಿ, ಬೈಸಿಕೊಂಡು ಹೋದವರು ಬಹಳ ಮಂದಿ ಇದ್ದಾರೆ. ಅವಳದು ಬಣ್ಣದ ಮೀನುಗಳ ಅಂಗಡಿ. ಉದ್ದಕ್ಕೆ ಮೂರು ಸಾಲು ಗಾಜಿನ ತೊಟ್ಟಿಗಳು, ಪ್ರತಿಯೊಂದರಲ್ಲೂ ಗುಳುಗುಳು ಎನ್ನುವ ಗಾಳಿಯ ಕೊಳವೆ, ಎಂದೂ ಒಣಗದ ನೆಲ, ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಬಲೆಗಳು. ಹಿಂದಿನ ಮೆಟ್ಟಿಲು ಹತ್ತಿದರೆ ಎರಡು ಕೋಣೆಯ ಮನೆ. ಮೂವತ್ತೊಂದು ವರ್ಷದಿಂದ ಅವಳು ಬೆಳಿಗ್ಗೆ ಆ ಮೆಟ್ಟಿಲು ಇಳಿಯುತ್ತಾಳೆ, ಸಂಜೆ ಏಳಕ್ಕೆ ಹತ್ತುತ್ತಾಳೆ.

ಗಿರಾಕಿ ಎಂದು ನಯವಾಗಿ ಮಾತಾಡುವ ಜಾಯಮಾನ ಅವಳದಲ್ಲ. ಮೀನಿಗೆ ಹುಷಾರಿಲ್ಲ ಎಂದು ಓಡಿ ಬಂದವರನ್ನು ಪೊಲೀಸರಂತೆ ವಿಚಾರಣೆಗೆ ನಿಲ್ಲಿಸುತ್ತಾಳೆ. ನೀರು ಯಾವಾಗ ಬದಲಿಸಿದಿರಿ, ಏನು ತಿನ್ನಿಸಿದಿರಿ, ಬೇರೆ ಅಂಗಡಿಯಿಂದ ಏನು ತಂದು ಸುರಿದಿರಿ, ನಿಜ ಹೇಳಿ. ಕೊನೆಗೆ ಔಷಧಿ ಕೈಗೆ ಕೊಡುವಾಗ ಒಂದು ಮಾತು ಇದ್ದೇ ಇರುತ್ತದೆ: “ಒಂದು ತೊಟ್ಟಿಗೆ ಎರಡು ಔಷಧಿ ಹಾಕಬೇಡಿ. ಒಂದೊಂದೇ ಆದ್ರೆ ಎರಡೂ ಒಳ್ಳೇದೇ. ಸೇರಿದ್ರೆ ಏನಾಗುತ್ತೆ ಅಂತ ಮೀನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.”

ಈ ಔಷಧಿಗಳೆಲ್ಲ ಗಲ್ಲಾದ ಹಿಂದಿನ ಬೀರುವಿನಲ್ಲಿ ಬೀಗದೊಳಗೆ ಇರುತ್ತವೆ. ಮೆಥಿಲೀನ್ ಬ್ಲೂ ಮಾತ್ರ ಹೊರಗೆ, ಕಲ್ಲುಪ್ಪಿನ ಡಬ್ಬಿಯ ಪಕ್ಕದಲ್ಲಿ. ಮೀನಕ್ಕ ಅದನ್ನು ಔಷಧಿ ಎಂದು ಯಾವತ್ತೂ ಎಣಿಸಿದವಳಲ್ಲ. ಅದು ‘ನೀಲಿ’, ಅಷ್ಟೇ. ಮೊಟ್ಟೆಗಳಿಗೆ ಬೂಸ್ಟು ಹಿಡಿಯದಿರಲಿ ಎಂದು ನಾಲ್ಕು ಹನಿ, ದೂರದಿಂದ ಬಂದ ಮೀನು ಸುಸ್ತಾಗಿ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಎರಡು ಹನಿ. ಉಪ್ಪು ಹಾಕಿದ ಹಾಗೆ ನೀಲಿಯನ್ನೂ ನೀರಿಗೆ ಹಾಕುವುದು. ಅವಳ ಉಗುರಿನ ಸಂದಿಯಲ್ಲಿ ಅದರ ಕಲೆ ಅಂಗಡಿ ಶುರುವಾದಾಗಿನಿಂದ ಹೋಗಿಲ್ಲ.

ಅವಳ ಗಂಡನನ್ನು ಎಲ್ಲರೂ ಮೈಕಣ್ಣ ಎನ್ನುತ್ತಿದ್ದರು. ಬಸ್ ನಿಲ್ದಾಣದ ಗೂಡಿನಂಥ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಅಂಕಣದಿಂದ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಇಪ್ಪತ್ತೆಂಟು ವರ್ಷ ಸಾರಿದವನು. ಮನೆಯಲ್ಲಿ ಸಾರು ಬಡಿಸು ಎನ್ನುವಾಗಲೂ ಪಕ್ಕದ ಬೀದಿಯವರು ಬಸ್ಸು ಬಂತೆಂದು ಎದ್ದು ನಿಲ್ಲಬೇಕು, ಅಂಥ ಗಂಟಲು. ನಿವೃತ್ತಿಯಾದ ವರ್ಷ ಅವನಿಗೆ ಮೊದಲು ಬಸ್ಸಿನ ನಂಬರುಗಳು ಮರೆತುಹೋದವು. ಹೋಗಲಿ, ಇನ್ನು ಅವು ಯಾರಿಗೆ ಬೇಕು ಎಂದು ಇಬ್ಬರೂ ನಕ್ಕರು. ಆಮೇಲೆ ನಲ್ಲಿ ನಿಲ್ಲಿಸುವುದು ಮರೆತುಹೋಯಿತು. ಆಮೇಲೆ ಮನೆಗೆ ಬರುವ ದಾರಿ. ಒಂದು ದಿನ ಗ್ಯಾಸ್ ಉರಿಯ ಮೇಲೆ ಖಾಲಿ ಪಾತ್ರೆ ಇಟ್ಟು ಸ್ನಾನಕ್ಕೆ ಹೋದ. ಆವತ್ತಿನಿಂದ ನಗು ನಿಂತಿತು.

ಮಾತೂ ನಿಂತಿತು. ಮೈಕಣ್ಣ ಕಿಟಕಿಯ ಬಳಿಯ ಕುರ್ಚಿಯಲ್ಲಿ ಮುದುಡಿ ಕೂತು ಕಣ್ಣೀರು ಸುರಿಸುತ್ತಿದ್ದ, ಯಾಕೆಂದು ಕೇಳಿದರೆ ಅವನಿಗೂ ಗೊತ್ತಿರುತ್ತಿರಲಿಲ್ಲ. ಮಿದುಳಿನ ಡಾಕ್ಟರು ಪರೀಕ್ಷೆ ಮಾಡಿ, “ಮರೆವಿನ ಕಾಯಿಲೆ ಅಮ್ಮಾ. ನಿಧಾನ ಮಾಡಬಹುದು, ಹೋಗಿದ್ದನ್ನ ವಾಪಸ್ ತರೋಕಾಗಲ್ಲ” ಎಂದರು. ಮನಸ್ಸು ಕುಗ್ಗಿದ್ದಕ್ಕೆಂದು ದಿನಕ್ಕೊಂದು ಬಿಳಿ ಮಾತ್ರೆ ಬರೆದರು. ಗುಣ ಕಾಣಲು ನಾಲ್ಕೈದು ವಾರ ಬೇಕು, ಅಲ್ಲಿಯತನಕ ಬಿಡಬೇಡಿ ಎಂದೂ ಹೇಳಿದರು.

ಅವರಿಗೆ ಒಬ್ಬಳೇ ಮಗಳು. ಊರಿನ ಆ ತುದಿಯಲ್ಲಿ ಕನ್ನಡಕದ ಅಂಗಡಿಯಲ್ಲಿ ಕೆಲಸ, ಭಾನುವಾರ ತಪ್ಪದೆ ಬರುತ್ತಿದ್ದಳು. ಗ್ಯಾಸಿನ ಕಥೆ ಕೇಳಿದ ಮೇಲೆ ಅವಳು ಅಮ್ಮನನ್ನು ಅಡುಗೆಮನೆಗೆ ಕರೆದು, “ಕೆಳಗೆ ಅಂಗಡಿ, ಮೇಲೆ ಅಪ್ಪ. ಎಷ್ಟು ಸಲ ಹತ್ತಿ ಇಳೀತೀಯಮ್ಮಾ? ಇನ್ನೊಂದು ಸಲ ಏನಾದ್ರೂ ಆದ್ರೆ ಅಪ್ಪನ್ನ ನಮ್ಮನೆಗೆ ಕರ್ಕೊಂಡು ಹೋಗಿಬಿಡ್ತೀನಿ, ಈಗಲೇ ಹೇಳಿದ್ದೀನಿ” ಎಂದಳು. ಆ ಮನುಷ್ಯನಿಲ್ಲದ ಮನೆಗೆ ಏಳು ಗಂಟೆಗೆ ಮೆಟ್ಟಿಲು ಹತ್ತುವುದು ಹೇಗೆಂದು ಮೀನಕ್ಕನಿಗೆ ಊಹಿಸಿಕೊಳ್ಳಲೂ ಆಗಲಿಲ್ಲ.

ಅಂದಿನಿಂದ ಅವಳು ಅವನಿಗೆ ದಿನಾ ಸಂಜೆ ಪರೀಕ್ಷೆ ಇಟ್ಟಳು. ಇವತ್ತು ಯಾವ ವಾರ? ಮಗಳ ಫೋನ್ ನಂಬರ್ ಎಷ್ಟು? ಬೆಳಿಗ್ಗೆ ಏನು ತಿಂದಿರಿ? ಮೈಕಣ್ಣ ತಪ್ಪು ಮಾಡಿದ ಮಗುವಿನ ಹಾಗೆ ಅವಳ ಮುಖ ನೋಡುತ್ತಿದ್ದ. ಅವಳು ಸಿಡುಕುತ್ತಿದ್ದಳು, ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅಳುತ್ತಿದ್ದಳು. ಮಾರನೆಯ ದಿನ ಮತ್ತೆ ಅದೇ ಪ್ರಶ್ನೆ.

ಇಂಥ ಹೊತ್ತಿನಲ್ಲಿ ಮೀನು ಸರಬರಾಜು ಮಾಡುವವನು ಬಂದ. ಪೆಟ್ಟಿಗೆ ಇಳಿಸಿ, ನೀಲಿಯ ಬಾಟಲಿ ನೋಡಿ ನಕ್ಕ. “ಅಕ್ಕಾ, ಇದನ್ನೀಗ ಜನ ಕುಡೀತಿದ್ದಾರೆ ಗೊತ್ತಾ?”

“ಕುಡೀಲಿ. ಫಿನಾಯಿಲ್ ಕುಡಿಯೋರೂ ಇದ್ದಾರೆ.”

“ತಮಾಷೆ ಅಲ್ಲ. ಓದಿದೋರು ಕುಡೀತಿದ್ದಾರೆ. ಮಿದುಳಿಗೆ ಬ್ಯಾಟರಿ ಚಾರ್ಜ್ ಮಾಡಿದ ಹಾಗಂತೆ. ಮರೆವು ಹೋಗುತ್ತಂತೆ.” ಅವನು ಫೋನು ತೆಗೆದು ತೋರಿಸಿದ. ಒಬ್ಬ ದಡಿಯ ನೀಲಿ ನಾಲಿಗೆ ಚಾಚಿಕೊಂಡು ಹಲ್ಲು ಕಿರಿಯುತ್ತಿದ್ದ.

ಮರೆವು ಎಂಬ ಮಾತು ಕಿವಿಗೆ ಬಿದ್ದದ್ದೇ ಮೀನಕ್ಕನಿಗೆ ಮತ್ತೇನೂ ಕೇಳಿಸಲಿಲ್ಲ. ಅವನು ಹೋದ ಮೇಲೆ ಸ್ಟೂಲಿನ ಮೇಲೆ ಕೂತು ಅಂಥ ವಿಡಿಯೋಗಳನ್ನು ಒಂದರ ಮೇಲೊಂದು ನೋಡಿದಳು. ಇಲಿಗಳಿಗೆ ಕೊಟ್ಟರೆ ದಾರಿ ನೆನಪಿಟ್ಟುಕೊಂಡವಂತೆ. ಜೀವಕೋಶಗಳಿಗೆ ಹೊಸ ಶಕ್ತಿ ಬರುತ್ತದಂತೆ. ಆಸ್ಪತ್ರೆಗಳಲ್ಲೂ ಬಹಳ ಹಿಂದಿನಿಂದ ಬಳಸುತ್ತಾರಂತೆ. ಎಲ್ಲದರ ಕೊನೆಗೆ ಒಬ್ಬ ಅವಸರದ ದನಿಯಲ್ಲಿ, ಬೇರೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ಎಂದು ಒದರಿ ಮುಗಿಸುತ್ತಿದ್ದ. ಅದನ್ನೂ ಅವಳು ಕೇಳಿಸಿಕೊಂಡಳು. ಹಾಗೆ ಎಲ್ಲರೂ ಹೇಳುತ್ತಾರೆ ಎಂದುಕೊಂಡಳು. ಬಾಟಲಿಯ ಮೇಲೆ ‘ಮನುಷ್ಯರ ಬಳಕೆಗಲ್ಲ’ ಎಂದು ಅಚ್ಚಾಗಿತ್ತು. ಅದೂ ಅವಳಿಗೆ ಮೂವತ್ತೊಂದು ವರ್ಷದಿಂದ ಗೊತ್ತು.

ದಡ್ಡಿಯಲ್ಲ ಅವಳು. ಮುಳುಗುತ್ತಿದ್ದಳು, ಅಷ್ಟೇ.

ಬಾಟಲಿಯಲ್ಲಿ ಇಷ್ಟು ಲೀಟರಿಗೆ ಇಷ್ಟು ಹನಿ ಎಂಬ ಲೆಕ್ಕವಿತ್ತು. ಮನುಷ್ಯನನ್ನು ಲೀಟರಿನಲ್ಲಿ ಅಳೆಯುವುದು ಹೇಗೆ? ಮೀನಕ್ಕ ಗಂಡನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ಎಪ್ಪತ್ತು ಕಿಲೋ. ಎಪ್ಪತ್ತು ಲೀಟರಿನ ತೊಟ್ಟಿ, ಎಂದು ತನಗೆ ತಾನೇ ಹೇಳಿಕೊಂಡಳು. ಲೆಕ್ಕ ಹಾಕಿ ಅದರಲ್ಲಿ ಅರ್ಧಕ್ಕೆ ಇಳಿಸಿದಳು, ಏಕೆಂದರೆ ಹೊಸ ಮೀನಿಗೆ ಯಾವಾಗಲೂ ಅರ್ಧದಿಂದಲೇ ಶುರು ಮಾಡುವುದು. ಮೊದಲ ದಿನದ ಹನಿಗಳನ್ನು ತಾನೇ ಕುಡಿದು ನೋಡಿ, ಮಾರನೆಯ ದಿನ ಸಾಯದೆ ಎದ್ದ ಮೇಲೆ ಅವನಿಗೆ ದ್ರಾಕ್ಷಿ ರಸದಲ್ಲಿ ಬೆರೆಸಿ ಕೊಟ್ಟಳು. ಮೈಕಣ್ಣ ಮುಖ ಹಿಂಡಿದ, ಅವಳ ಮುಖ ನೋಡಿದ, ಗಟಗಟ ಕುಡಿದ.

ಪಾಯಿಖಾನೆ ನೀಲಿಯಾಯಿತು, ಅವಳು ಎರಡೆರಡು ಸಲ ನೀರು ಸುರಿದಳು. ನಾಲಿಗೆ ನೀಲಿಯಾಯಿತು, ಭಾನುವಾರ ಮಗಳು ಕೇಳಿದರೆ ಪೆಪ್ಪರ್‌ಮಿಂಟ್ ಎಂದಳು. “ಈ ವಯಸ್ಸಲ್ಲಿ ಪೆಪ್ಪರ್‌ಮಿಂಟಾ?” ಎಂದು ಮಗಳು ಅಪ್ಪನ ಕೆನ್ನೆ ಹಿಂಡಿದಳು.

ಎರಡನೆಯ ವಾರದ ಒಂದು ಸಂಜೆ ಮೀನಕ್ಕ ಮೆಟ್ಟಿಲು ಹತ್ತಿ ಬಂದಾಗ ಮೈಕಣ್ಣ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಅವಳು ಬಾಯಿ ತೆರೆಯುವ ಮೊದಲೇ, “ವ್ಯಾಪಾರ ಹೇಗಿತ್ತೇ ಇವತ್ತು?” ಎಂದ. ಅವಳ ಕೈಯಲ್ಲಿದ್ದ ಬೀಗದ ಕೈಗಳ ಗೊಂಚಲು ಕೆಳಗೆ ಬಿತ್ತು. ಇವತ್ತು ಯಾವ ವಾರ? ಬುಧವಾರ. ಮಗಳ ನಂಬರು? ಒಂದೂ ಅಂಕಿ ತಪ್ಪದೆ ಹೇಳಿದ, ಆ ಹಳೆಯ ದನಿಯಲ್ಲೇ, ಅಂಕಿ ಅಂಕಿಗೂ ಒಂದು ಚಣ ನಿಂತು. ಅವಳು ಅವನ ಎರಡೂ ಕೈ ಹಿಡಿದುಕೊಂಡು ಮಂಡಿಯೂರಿ ಕೂತುಬಿಟ್ಟಳು.

ಮಾರನೆಯ ದಿನವೂ ಹಾಗೇ, ಅದರ ಮಾರನೆಯ ದಿನವೂ. ಕೆಲವು ಸಲ ತಡವರಿಸುತ್ತಿದ್ದ, ಕೆಲವು ಸಲ ವಾರ ತಪ್ಪುತ್ತಿತ್ತು, ಆದರೆ ಉತ್ತರ ಬರುತ್ತಿತ್ತು. ಹತ್ತೊಂಬತ್ತು ದಿನ ಮೀನಕ್ಕ ನೆಲದ ಮೇಲೆ ನಡೆಯಲಿಲ್ಲ. ಗಿರಾಕಿಗಳನ್ನು ಬೈಯುವುದನ್ನೂ ಬಿಟ್ಟಳು, ಅವರಿಗೆ ಅದೇ ಗಾಬರಿ. ಅರ್ಧ ಅಳತೆಗೇ ಇಷ್ಟು ಗುಣವಾದರೆ ಪೂರ್ತಿ ಹಾಕಿದರೆ? ಪೂರ್ತಿ ಹಾಕಿದಳು. ಒಂದು ಸಂಜೆ ಅವನು ಮತ್ತೆ ತಡವರಿಸಿದ್ದಕ್ಕೆ ಇನ್ನೂ ನಾಲ್ಕು ಹನಿ ಏರಿಸಿದಳು.

ನಡುವೆ ಮಿದುಳಿನ ಡಾಕ್ಟರರ ಬಳಿ ಹೋಗುವ ದಿನ ಬಂತು. ಮೈಕಣ್ಣ ನಮಸ್ಕಾರ ಮಾಡಿ, ಚೆನ್ನಾಗಿದ್ದೀರಾ ಎಂದು ಕೇಳಿದ. ಡಾಕ್ಟರಿಗೂ ಖುಷಿ. “ಮಾತ್ರೆ ಕೆಲಸ ಮಾಡ್ತಿದೆ. ಸ್ವಲ್ಪ ಜಾಸ್ತಿ ಮಾಡೋಣ. ಇದರ ಜೊತೆ ಬೇರೆ ಏನಾದ್ರೂ ಔಷಧಿ ಕೊಡ್ತಿದ್ದೀರಾ? ನಾಟಿದು, ಟಾನಿಕ್ಕು, ಏನಾದ್ರೂ?”

“ಇಲ್ಲ ಡಾಕ್ಟರೇ,” ಎಂದಳು ಮೀನಕ್ಕ.

ಅವಳ ಮಟ್ಟಿಗೆ ಅದು ಸುಳ್ಳಲ್ಲ. ಮೂವತ್ತೊಂದು ವರ್ಷ ಯಾವುದನ್ನು ಉಪ್ಪಿನ ಪಕ್ಕ ಇಟ್ಟಿದ್ದಳೋ ಅದು ಔಷಧಿ ಎಂದು ನಾಲಿಗೆಗೆ ಬರಲೇ ಇಲ್ಲ. ಆದರೆ ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಒಳಗೆ ವಾಪಸ್ ಹೋಗಿ ಹೇಳಿಬಿಡಲೇ ಎನಿಸಿತು. ಹೇಳಿದರೆ ನಿಲ್ಲಿಸು ಎನ್ನುತ್ತಾರೆ. ನಿಲ್ಲಿಸಿದರೆ ಇವನು ಮತ್ತೆ ಹೋಗಿಬಿಡುತ್ತಾನೆ. ಗಂಡನ ಕೈ ಹಿಡಿದು ಮೆಟ್ಟಿಲು ಇಳಿದಳು.

ಮಾತ್ರೆ ಏರಿದ ಐದನೆಯ ದಿನ, ಮಧ್ಯಾಹ್ನ ಮೂರರ ಸುಮಾರಿಗೆ, ಮೇಲಿನಿಂದ ಏನೋ ಬಿದ್ದ ಸದ್ದು ಕೇಳಿ ಅವಳು ಓಡಿದಳು. ಮೈಕಣ್ಣ ಕುರ್ಚಿ ಉರುಳಿಸಿಕೊಂಡು ನೆಲದಲ್ಲಿದ್ದ. ಮೈಯಿಂದ ಬೆವರು ಧಾರಾಕಾರ. ಹಲ್ಲು ಕಟಕಟ ಕಡಿಯುತ್ತಿದ್ದ, ಕಾಲುಗಳು ತಾವೇ ತಾವಾಗಿ ಎಗರುತ್ತಿದ್ದವು, ಕಣ್ಣಿನ ಪಾಪೆ ಅಗಲವಾಗಿ ಏನನ್ನೋ ಹುಡುಕುತ್ತಿತ್ತು. ಹಣೆ ಮುಟ್ಟಿದರೆ ಕೆಂಡ. “ರೀ, ಏನಾಯ್ತು ರೀ?” ಎಂದರೆ ಬಾಯಿಂದ ಬಸ್ಸಿನ ನಂಬರುಗಳು ಉದುರತೊಡಗಿದವು, ಒಂದಕ್ಕೊಂದು ಸಂಬಂಧವಿಲ್ಲದೆ.

ಆಸ್ಪತ್ರೆಯ ತುರ್ತು ಕೋಣೆಗೆ ಮಗಳು ಕೆಲಸದ ಕೋಟಿನಲ್ಲೇ ಓಡಿ ಬಂದಳು. ಅಲ್ಲಿದ್ದ ಡಾಕ್ಟರಮ್ಮ ಮಗಳ ವಯಸ್ಸಿನವಳು. ಮೈಕಣ್ಣನ ಬೆರಳಿಗೆ ಕ್ಲಿಪ್ಪು ಹಾಕಿ, ಪರದೆಯ ಮೇಲಿನ ಅಂಕಿ ನೋಡಿ ಹುಬ್ಬು ಗಂಟಿಕ್ಕಿದಳು. ರಕ್ತದಲ್ಲಿ ಆಮ್ಲಜನಕ ಕಡಿಮೆ ಎನ್ನುತ್ತಿದೆ ಕ್ಲಿಪ್ಪು, ಆದರೆ ಉಸಿರು ಚೆನ್ನಾಗಿಯೇ ಓಡುತ್ತಿದೆ. ಪಾದವನ್ನು ಮೇಲಕ್ಕೆ ತಳ್ಳಿದರೆ ಅದು ಪಟಪಟ ಬಡಿಯುತ್ತಲೇ ಇದೆ. “ಮಿದುಳಿಗೆ ಸೋಂಕು ಆಗಿರಬಹುದು. ಬೆನ್ನಿಂದ ನೀರು ತೆಗೆದು ನೋಡಬೇಕಾಗುತ್ತೆ,” ಎಂದು ನರ್ಸಿಗೆ ಹೇಳಿ, ಇವರತ್ತ ತಿರುಗಿದಳು. “ಏನೇನು ತಗೊಳ್ತಾರೆ ಇವರು?”

“ಅಮ್ಮ ಎಲ್ಲಾ ಬರೆದಿಟ್ಟಿರ್ತಾಳೆ,” ಎಂದಳು ಮಗಳು ಅಳುತ್ತಲೇ. “ಒಂದು ದಿನ ಒಂದು ಮಾತ್ರೆ ತಪ್ಪಿಸಿಲ್ಲ. ಅಮ್ಮನ ಥರ ಯಾರೂ ನೋಡ್ಕೊಳ್ಳಲ್ಲ ಡಾಕ್ಟರೇ.”

ಮೀನಕ್ಕ ಮಾತ್ರೆಗಳ ಚೀಟಿಯನ್ನು ಕೊಟ್ಟಳು. ಡಾಕ್ಟರಮ್ಮ ಓದಿ ಮಡಚಿದಳು. ಹಾಸಿಗೆಯ ಪಕ್ಕಕ್ಕೆ ಬೆನ್ನಿಗೆ ಚುಚ್ಚುವ ಸೂಜಿಯ ತಟ್ಟೆ ಬಂತು. ಹೇಳಿದರೆ ಗಂಡ ಕೈತಪ್ಪಿ ಮಗಳ ಮನೆಗೆ ಹೋಗುತ್ತಾನೆ ಎಂಬುದು ಅವಳಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಹೇಳದಿದ್ದರೆ ಪೂರ್ತಿಯಾಗಿಯೇ ಹೋಗುತ್ತಾನೆ. ಅವನ ಕಾಲು ಹಾಸಿಗೆಯ ಕಂಬಿಗೆ ಬಡಿಯುತ್ತಿದ್ದ ಸದ್ದು ಕೇಳಲಾರದೆ ಅವಳು ತನ್ನ ಎರಡೂ ಕೈಯನ್ನು ಡಾಕ್ಟರಮ್ಮನ ಮುಂದೆ ಚಾಚಿದಳು.

“ಈ ನೀಲಿ ಕೊಟ್ಟಿದ್ದೀನಿ. ಮೀನಿನ ನೀರಿಗೆ ಹಾಕೋದು. ಮೆಥಿಲೀನ್ ಬ್ಲೂ. ಒಂದು ತಿಂಗಳಿಂದ ದಿನಾ ಕೊಟ್ಟಿದ್ದೀನಿ.”

ಮಗಳು ಅಳು ನಿಲ್ಲಿಸಿ ಅವಳನ್ನೇ ನೋಡಿದಳು. ಡಾಕ್ಟರಮ್ಮ ಒಂದು ಕ್ಷಣವೂ ಕಳೆಯದೆ ಸೂಜಿಯ ತಟ್ಟೆಯನ್ನು ಆಚೆ ತಳ್ಳಿ ಬೇರೆ ಔಷಧಿಗಳ ಹೆಸರು ಕೂಗಿದಳು. ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಮೂರು ದಿನದ ಮೇಲೆ ಜ್ವರ ಇಳಿದು, ಕಾಲು ಸುಮ್ಮನಾಗಿ, ಅವನು ಕಣ್ಣು ಮುಚ್ಚಿ ನಿದ್ದೆ ಮಾಡಿದಾಗ ಡಾಕ್ಟರಮ್ಮ ಮೀನಕ್ಕನನ್ನು ಕೂರಿಸಿಕೊಂಡು ವಿವರಿಸಿದಳು. ನೀಲಿ ಕೆಟ್ಟದ್ದಲ್ಲ. ರಕ್ತಕ್ಕೆ ಆಮ್ಲಜನಕ ಹೊರಲಾಗದಂಥ ಒಂದು ಸ್ಥಿತಿಯಿದೆ, ಅಂಥವರಿಗೆ ಆಸ್ಪತ್ರೆಯಲ್ಲೇ ಅಳತೆ ಮಾಡಿ ನರಕ್ಕೆ ಕೊಡುತ್ತಾರೆ, ಜೀವ ಉಳಿಯುತ್ತದೆ. ಆದರೆ ಮನಸ್ಸಿನ ಮಾತ್ರೆಯ ಜೊತೆ ಸೇರಿದರೆ ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಮಿತಿಮೀರಿ ತುಂಬಿಕೊಳ್ಳುತ್ತದೆ, ಇವರಿಗಾದದ್ದು ಅದೇ. ಹುಟ್ಟಿನಿಂದ ಒಂದು ಕಿಣ್ವದ ಕೊರತೆ ಇರುವವರಿಗೆ ಕೆಂಪು ರಕ್ತಕಣಗಳೇ ಒಡೆದುಹೋಗಬಹುದು. ಕ್ಲಿಪ್ಪು ತಪ್ಪು ಅಂಕಿ ತೋರಿಸಿದ್ದೂ ಆ ಬಣ್ಣಕ್ಕೇ. ಮೀನಿನ ಬಾಟಲಿಯಲ್ಲಿ ಸೀಸ, ಪಾದರಸ ಏನೇನು ಬೆರೆತಿರುತ್ತದೋ ಯಾರೂ ನೋಡಿರುವುದಿಲ್ಲ.

“ಒಂದು ತೊಟ್ಟಿಗೆ ಎರಡು ಔಷಧಿ,” ಎಂದಳು ಮೀನಕ್ಕ.

“ಏನಂದ್ರಿ?”

“ಏನಿಲ್ಲಮ್ಮಾ.” ಆಮೇಲೆ ತಡೆಯಲಾರದೆ ಕೇಳಿದಳು, “ಆದ್ರೆ ಹತ್ತೊಂಬತ್ತು ದಿನ ಚೆನ್ನಾಗಿದ್ರು. ನಂಬರ್ ಹೇಳ್ತಿದ್ರು. ಅದು ಯಾವುದರಿಂದ? ಮಾತ್ರೆಯಿಂದಲೋ ನೀಲಿಯಿಂದಲೋ?”

“ಮಾತ್ರೆಗೆ ನಾಲ್ಕೈದು ವಾರ ತುಂಬಿದ್ದು ಆಗಲೇ ಅಲ್ವಾ? ಅದಿರಬಹುದು. ಮರೆವಿಗೆ ನೀಲಿ ಆಗುತ್ತಾ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ, ಗಟ್ಟಿಯಾದ ಉತ್ತರ ಸಿಕ್ಕಿಲ್ಲ. ನಾನು ಇದೇ ಅಂತ ಹೇಳಿದ್ರೆ ಸುಳ್ಳಾಗುತ್ತೆ.”

ಸದ್ಯಕ್ಕೆ ಎರಡೂ ನಿಂತವು. ಮೈಕಣ್ಣ ಮನೆಗೆ ಬಂದಾಗ ಮೊದಲಿಗಿಂತ ಕುಗ್ಗಿದ್ದ, ಬಟ್ಟಲನ್ನು ಹಿಡಿಯಲು ಕೈ ನಡುಗುತ್ತಿತ್ತು. ಮಗಳು ಜಗಳವಾಡಲಿಲ್ಲ. ಬಾಗಿಲಲ್ಲೇ ನಿಂತು, “ಭಾನುವಾರ ಕಾರ್ ತರ್ತೀನಿ. ಅಪ್ಪನ ಬಟ್ಟೆ ಜೋಡಿಸಿಡು,” ಎಂದಳು. ಸ್ವಲ್ಪ ಹೊತ್ತಾದ ಮೇಲೆ, “ನಿನ್ನ ಮೇಲೆ ಸಿಟ್ಟಿಲ್ಲಮ್ಮಾ. ಆದ್ರೆ ನಿನ್ನ ಹತ್ರ ಬಿಟ್ಟು ನಿದ್ದೆ ಮಾಡಕ್ಕಾಗಲ್ಲ,” ಎಂದು ಸೇರಿಸಿದಳು. ಮೀನಕ್ಕ ಬಟ್ಟೆಯ ಚೀಲ ಹುಡುಕಿ ತೆಗೆದಳು. ಕೊಲ್ಲಲು ಹೊರಟವಳಿಗೆ ಬೇಡ ಎನ್ನಲು ಯಾವ ಬಾಯಿ?

ಭಾನುವಾರ ಬೆಳಿಗ್ಗೆ ಮಗಳು ಅಪ್ಪನನ್ನು ಮೆಲ್ಲಗೆ ಕೆಳಗೆ ಕಾರಿನತ್ತ ಇಳಿಸಿಕೊಂಡು ಹೋದ ಮೇಲೆ, ಮೀನಕ್ಕ ಅವನ ಬನಿಯನ್ನುಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಖಾನೆಯ ತಳಕ್ಕೆ ಹಾಸಿದ್ದ ಹಳೆಯ ಪತ್ರಿಕೆಯ ಕೆಳಗೆ ಕಾಗದಗಳು ಸಿಕ್ಕವು. ಬಸ್ಸಿನ ವೇಳಾಪಟ್ಟಿಯ ಹಾಳೆಗಳ ಹಿಂಬದಿಯಲ್ಲಿ ಅವನ ಅಕ್ಷರ, ಮೈಕಿನಲ್ಲಿ ಓದಲು ಬರೆದುಕೊಳ್ಳುತ್ತಿದ್ದ ಹಾಗೆ ಒಂದರ ಕೆಳಗೊಂದು ಸಾಲು.

‘ಇವತ್ತು ಬುಧವಾರ. ಸಂಜೆ ಏಳು ಗಂಟೆಗೆ ಅವಳು ಬರುತ್ತಾಳೆ. ನೆಟ್ಟಗೆ ಕೂರು. ಮೊದಲು ವ್ಯಾಪಾರ ಹೇಗಿತ್ತು ಅಂತ ಕೇಳು.’ ಅದರ ಕೆಳಗೆ ಮಗಳ ಫೋನ್ ನಂಬರು, ಹತ್ತು ಸಲ. ‘ಬೆಳಿಗ್ಗೆ ತಿಂದದ್ದು ಉಪ್ಪಿಟ್ಟು.’ ಇನ್ನೊಂದು ಹಾಳೆಯಲ್ಲಿ: ‘ಕೆಂಪು ಬಾಲದ ಮೀನು ಸತ್ತಿತು ಅಂತ ನಿನ್ನೆ ಹೇಳಿದ್ದಾಳೆ. ಮತ್ತೆ ಕೇಳಬೇಡ. ನಗು.’ ಮತ್ತೊಂದರಲ್ಲಿ: ‘ನೀಲಿ ರಸ ಕಹಿ. ಕುಡಿದರೆ ಅವಳಿಗೆ ಸಂತೋಷ. ಬೇಡ ಅನ್ನಬೇಡ. ಉತ್ತರ ಹೇಳಿದರೆ ಅವಳು ಒಳಗೆ ಹೋಗಿ ಅಳುವುದಿಲ್ಲ.’

ಅವಳು ನೆಲದ ಮೇಲೆ ಕೂತಳು. ಅವಳು ಕೆಳಗೆ ಮೀನುಗಳಿಗೆ ಕಾಳು ಹಾಕುತ್ತಿದ್ದ ಮಧ್ಯಾಹ್ನಗಳಲ್ಲಿ ಈ ಮನುಷ್ಯ ಮೇಲೆ ಒಬ್ಬನೇ ಕೂತು ಉರು ಹೊಡೆದಿದ್ದ. ಅವನ ಉತ್ತರ ಕೇಳಿ ಅವಳು ಹನಿ ಏರಿಸಿದ್ದಳು, ತಡವರಿಸಿದ್ದಕ್ಕೂ ಏರಿಸಿದ್ದಳು. ಹೀಗೆ ಬರೆದು ಕಲಿಯುವಷ್ಟು ತ್ರಾಣ ಮಾತ್ರೆಯಿಂದ ಬಂತೋ ನೀಲಿಯಿಂದ ಬಂತೋ, ಯಾರಾದರೂ ಹೇಳಿಕೊಳ್ಳಲಿ. ಕೊನೆಕೊನೆಯ ಹಾಳೆಗಳಲ್ಲಿ ಅಕ್ಷರ ನಡುಗಿ ಸಾಲು ಕೆಳಕ್ಕೆ ಜಾರಿತ್ತು. ಕಟ್ಟಕಡೆಯದರಲ್ಲಿ ‘ಅವಳು ಬರುತ್ತಾಳೆ, ಮೊದಲು’ ಎಂದಷ್ಟೇ ಇತ್ತು.

ಕೆಳಗಿನಿಂದ ಮಗಳು ಕರೆದಳು. ಮೀನಕ್ಕ ಚೀಲ ಹಿಡಿದು ಇಳಿದು ಬಂದಾಗ ಮೈಕಣ್ಣ ಕಾರಿನ ಹಿಂದಿನ ಸೀಟಿನಲ್ಲಿದ್ದ. ಕಿಟಕಿಯಲ್ಲಿ ಅವಳ ಮುಖ ಕಂಡದ್ದೇ ಅವನು ಗಡಬಡಿಸಿ ನೆಟ್ಟಗೆ ಕೂತ. ಗಂಟಲು ಸರಿಮಾಡಿಕೊಂಡ. ಕೈ ಅಂಗಿಯ ಜೇಬನ್ನು ತಡಕಿತು, ಅಲ್ಲಿ ಏನೂ ಇಲ್ಲವೆಂದು ಗೊತ್ತಾಗಿ ಅವಳ ಬಾಯಿಯನ್ನೇ ನೋಡತೊಡಗಿದ, ಹೆದರಿಕೊಂಡು.

“ನಾನೇನೂ ಕೇಳಲ್ಲ ರೀ,” ಎಂದಳು ಮೀನಕ್ಕ. “ಇನ್ಮೇಲೆ ಯಾವತ್ತೂ ಏನೂ ಕೇಳಲ್ಲ.”

ಮೈಕಣ್ಣನಿಗೆ ಅದನ್ನು ಅರ್ಥ ಮಾಡಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹೆಗಲು ಸಡಿಲಿಸಿ ಹಿಂದಕ್ಕೆ ಒರಗಿದ. ಅಷ್ಟು ನಿರಾಳವಾದ ಮುಖ ಅವಳು ಎರಡು ವರ್ಷದಿಂದ ನೋಡಿರಲಿಲ್ಲ. ತನ್ನಿಂದ ದೂರ ಹೋಗುವ ಕಾರಿನಲ್ಲಿ ಕೂತ ಮೇಲೆಯೇ ಅದು ಅವನಿಗೆ ಸಿಕ್ಕಿತು. ಮಗಳು ಕಾರು ಹೊರಡಿಸಿದಳು.